ಮ್ಯಾಕ್‌ಡಾರಿಯವರ ಗೌರಿ

ನನಗೆ ಮೂಗಿನ ತುದಿಯಲ್ಲೇ ಕೋಪ ಅಂತ ಅಪ್ಪ ಹೇಳುತ್ತಿದ್ದರು. ನಿಜವೇ. ಆದರೆ ಅಪ್ಪ ಸತ್ತ ದಿನ ಆ ಕೋಪ ಎಲ್ಲಿ ಹೋಗಿತ್ತೋ ಕಾಣೆ. ಆವತ್ತು ಒಂದು ಚೂರು ಬಂದಿದ್ದರೂ ಸಾಕಿತ್ತು.

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಮಲಗಿಸುವುದೂ ಇಲ್ಲ. ಕೂರಿಸಿ ಮಣ್ಣು ಮಾಡುತ್ತೇವೆ. ಗುಂಡಿ ತೋಡಿ, ಅದರ ಒಂದು ಗೋಡೆಯಲ್ಲಿ ಗೂಡು ಕೊರೆದು, ಗೂಡಿನೊಳಗೆ ಚಕ್ಕಳಮಕ್ಕಳ ಹಾಕಿಸಿ ಕೂರಿಸಿ, ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟು, ಸುತ್ತ ವಿಭೂತಿ ತುಂಬುತ್ತೇವೆ. ನಂಜನಗೂಡಿನ ಕಡೆಯ ಲಿಂಗಾಯತರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಪರ್ತ್‌ನಲ್ಲಿ ಸ್ಮಶಾನದ ಕಚೇರಿಯ ಹುಡುಗಿಗೆ ಹೇಳಿಕೊಡಬೇಕಾಯಿತು. ಅವಳು ತುಂಬ ಮರ್ಯಾದೆಯಿಂದಲೇ, ಪೆಟ್ಟಿಗೆ ಕಡ್ಡಾಯ, ಪೆಟ್ಟಿಗೆಗೆ ಒಂದೇ ಆಕಾರ ಅಂದಳು. ನಾನು ಓಕೆ ಅಂದೆ. ಎರಡನೇ ಸಲ ಕೇಳಲಿಲ್ಲ. ಅಡಿಲೇಡ್‌ನ ಮಾಸನ್ ಲೇಕ್ಸ್‌ನಿಂದ ಬಂದಿದ್ದ ತಮ್ಮ ಶಶಾಂಕ, "ಬೇಗ ಮುಗಿಸೋಣ ಅಕ್ಕ, ಸೋಮವಾರ ನಂಗೆ ಕ್ಲಾಸಿದೆ" ಅಂದ. ಬೇಗ ಮುಗಿಸಿದೆವು.

ಬರೀ ಪದ್ಧತಿ ತಪ್ಪಿದ್ದಾಗಿದ್ದರೆ ಹೇಗೋ ಜೀರ್ಣಿಸಿಕೊಳ್ಳುತ್ತಿದ್ದೆ. ಅಪ್ಪ ಕೊನೆಯ ಎರಡು ವರ್ಷ ಮಲಗಿಯೇ ಇರಲಿಲ್ಲ. ಹೃದಯ ಸೋತು, ಶ್ವಾಸಕೋಶದಲ್ಲಿ ನೀರು ತುಂಬುತ್ತಿತ್ತು. ಬೆನ್ನು ಹಾಸಿಗೆಗೆ ತಾಗಿದರೆ ಉಸಿರು ಕಟ್ಟುತ್ತಿತ್ತು. ಪರ್ತ್‌ನ ಮೋರ್ಲಿ ಬಡಾವಣೆಯ ನಮ್ಮ ಮನೆಯ ಹಾಲ್‌ನಲ್ಲಿ, ಕುರ್ಚಿಯ ಮೇಲೆ ಬೆನ್ನಿಗೆ ದಿಂಬು ಒಟ್ಟಿಕೊಂಡು ಕೂತೇ ನಿದ್ದೆ ಮಾಡುತ್ತಿದ್ದರು. ಆಸ್ಪತ್ರೆಯಲ್ಲಿ ಒಮ್ಮೆ ಸ್ಕ್ಯಾನ್ ಮಾಡಲು ಮಲಗಿಸಹೋದಾಗ, "ಮಲಗಿಸ್ಬೇಡಮ್ಮ, ಮುಳುಗ್ತೀನಿ" ಅಂತ ನರ್ಸ್‌ಗೆ ಕನ್ನಡದಲ್ಲಿ ಕೂಗಿಕೊಂಡಿದ್ದರು. ಅಂಥ ಮನುಷ್ಯನನ್ನು ನಾನು ಅಂಗಾತ ಮಲಗಿಸಿ, ಮುಚ್ಚಳ ಮುಚ್ಚಿಸಿ, ಮೇಲೆ ಮಣ್ಣು ಹಾಕಿದೆ.

ಆ ವಾರ ಅಮ್ಮ ಸೊಂಟದ ಮೂಳೆ ಮುರಿದುಕೊಂಡು ಇನ್ನೊಂದು ಆಸ್ಪತ್ರೆಯಲ್ಲಿದ್ದಳು. ಹಾಸಿಗೆಯಿಂದಲೇ ಕೇಳಿದ್ದು ಒಂದೇ ಮಾತು.

"ಕೂರಿಸಿದ್ರಾ?"

"ಕೂರಿಸಿದ್ವಿ ಅಮ್ಮ."

"ಗೂಡು ಕೊರ್ಸಿದ್ರಾ?"

"ಹ್ಞೂಂ."

ಒಂದು ಸುಳ್ಳನ್ನು ಮುಚ್ಚಲು ನೂರು ಸುಳ್ಳು ಬೇಕು ಅನ್ನುತ್ತಾರೆ. ನನಗೆ ಅಷ್ಟು ಬೇಕಾಗಲಿಲ್ಲ, ಯಾಕೆಂದರೆ ಅಮ್ಮ ನಂಬಿಬಿಟ್ಟಳು. ಕೋಲು ಹಿಡಿದು ಓಡಾಡುವಂತಾದ ಮೇಲೆ ಪ್ರತಿ ಸೋಮವಾರ ಸಂಜೆ ನಾನು ಆಫೀಸಿನಿಂದ ಬಂದೊಡನೆ ಸ್ಮಶಾನಕ್ಕೆ ಹೊರಡಿಸುತ್ತಿದ್ದಳು. ಮೇಲ್ಗಡೆ ಎಲ್ಲ ಒಂದೇ ಅಳತೆಯ ಹುಲ್ಲುಹಾಸು. ಅದರ ನಟ್ಟನಡುವೆ ಅಪ್ಪ ಕೂತಿದ್ದಾರೆ ಅಂತ ಅವಳ ಲೆಕ್ಕ. ಅಲ್ಲಿಗೆ ಹೂ ಏರಿಸಿ, ಅಲ್ಲೇ ಹಣೆ ತಾಗಿಸುತ್ತಿದ್ದಳು. ಅದು ಅಪ್ಪನ ಮಂಡಿಯ ಜಾಗ. ಮೂರು ವರ್ಷ ಅಮ್ಮ ಅಪ್ಪನ ಮಂಡಿಯ ಹತ್ತಿರ ಮಾತಾಡಿದಳು, ನಾನು ಪಕ್ಕದಲ್ಲಿ ನಿಂತು ನೋಡಿದೆ.

"ನಂಗೂ ಹಿಂಗೇ ಮಾಡ್ಬಿಡು. ಅವರ ಪಕ್ಕ" ಅನ್ನುತ್ತಿದ್ದಳು ಪ್ರತಿ ಸಲ. ನಾನು ಹ್ಞೂಂ ಅನ್ನುತ್ತಿದ್ದೆ.

ನಾನು ವಿಜ್ಞಾನ ಓದಿದವಳು. ಗಣಿ ಕಂಪನಿಯಲ್ಲಿ ಭೂಭೌತಶಾಸ್ತ್ರಜ್ಞೆ. ಮಣ್ಣಿನೊಳಗೆ ಏನಿದೆ ಅಂತ ಹೇಳುವುದೇ ನನ್ನ ಕಸುಬು. ಸತ್ತವರಿಗೆ ಉಸಿರಾಟವಿಲ್ಲ ಅಂತ ನನಗೂ ಗೊತ್ತು, ಶಶಾಂಕ ಫೋನಿನಲ್ಲಿ ಜ್ಞಾಪಿಸಬೇಕಾಗಿರಲಿಲ್ಲ. ಆದರೂ ಹಾಲ್‌ನ ಕುರ್ಚಿಯಿಂದ ಅಪ್ಪ ಉಸಿರೆಳೆಯುವ ಗೊರಗೊರ ಸದ್ದು ಕೇಳುತ್ತಿತ್ತು. ಅಡುಗೆ ಮಾಡುವಾಗ ಕೇಳುತ್ತಿತ್ತು, ಬಟ್ಟೆ ಮಡಚುವಾಗ ಕೇಳುತ್ತಿತ್ತು. ತಿರುಗಿದರೆ ಕುರ್ಚಿ ಖಾಲಿ. ನಾನು ಹಾಸಿಗೆಗೆ ಬೆನ್ನು ಕೊಟ್ಟರೆ ನನ್ನ ಎದೆಯ ಮೇಲೇ ಯಾರೋ ಮಣ್ಣು ಸುರಿದಂತಾಗಿ ಎದ್ದು ಕೂರುತ್ತಿದ್ದೆ. ಗಂಡ ಅರವಿಂದ ಎರಡು ವಾರ ಗಣಿಯಲ್ಲಿ, ಒಂದು ವಾರ ಮನೆಯಲ್ಲಿ ಇರುವವನು. ಡಾಕ್ಟರಿಗೆ ತೋರಿಸು ಅಂದ. ತೋರಿಸಿದೆ. ಎದೆ ಚೆನ್ನಾಗಿದೆಯಂತೆ.

ಈ ಗಾಯದ ಮೇಲೆ ಉಪ್ಪು ಸುರಿದವರು ಬ್ರಿಸ್ಬೇನ್‌ನಲ್ಲಿರುವ ನಮ್ಮವರೇ ಆದ ಬಸವಂತಪ್ಪ ಅಂಕಲ್. ಅವರು ಹೆಂಡತಿಯನ್ನು ಎರಡು ವಾರ ಶವಾಗಾರದಲ್ಲಿಟ್ಟು, ಕಚೇರಿಯಿಂದ ಕಚೇರಿಗೆ ಅಲೆದು, ಜಗಳವಾಡಿ, ಕೊನೆಗೆ ಕೂರಿಸಿಯೇ ಮಣ್ಣು ಮಾಡಿದರಂತೆ. "ಕೇಳಿದ್ರೆ ಕೊಡ್ತಾರಮ್ಮ, ಕೇಳ್ಬೇಕು ಅಷ್ಟೆ" ಅಂದರು. ಆ ಫೋನ್ ಇಟ್ಟಮೇಲೆ ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಎರಡು ಸಾವಿರದ ಹದಿನಾರರ ಅಕ್ಟೋಬರ್‌ನಲ್ಲಿ ಫರ್ಗಸ್ ಮ್ಯಾಕ್‌ಡಾರಿ ಫೋನ್ ಮಾಡಿದರು. ಪರ್ತ್‌ನಿಂದ ಎರಡೂವರೆ ಗಂಟೆ ದೂರದ ಗೋಧಿ ಸೀಮೆಯ ರೈತರು, ಎಂಬತ್ತೊಂದು ವರ್ಷ. ನಾನು ಲೈಬ್ರರಿಯೊಂದರಲ್ಲಿ ಮಾಡಿದ್ದ ಭಾಷಣ ಕೇಳಿದ್ದರಂತೆ. ಅವರ ಜಮೀನಿನ ಮೂಲೆಯಲ್ಲಿ ಅವರ ಮನೆತನದ ಹಳೇ ಸ್ಮಶಾನವಿದೆ. ಕಲ್ಲು ಉಳಿದಿರುವುದು ನಾಲ್ಕಕ್ಕೆ, ಒಳಗೆ ಎಷ್ಟು ಜನ ಇದ್ದಾರೋ ಗೊತ್ತಿಲ್ಲ. ನವೆಂಬರ್‌ನಲ್ಲಿ ಅಡಿಲೇಡ್‌ನಿಂದ, ಬ್ರಿಸ್ಬೇನ್‌ನಿಂದ ಕುಲದವರೆಲ್ಲ ಸೇರುತ್ತಾರೆ. ಅಷ್ಟರೊಳಗೆ ಎಲ್ಲ ಹೆಸರುಗಳಿರುವ ಒಂದು ಫಲಕ ನಿಲ್ಲಿಸಬೇಕು. ನೆಲದೊಳಗೆ ಇಣುಕುವ ನಿನ್ನ ರೇಡಾರ್ ಯಂತ್ರ ತಂದು ನೋಡಿಕೊಡುತ್ತೀಯಾ ಅಂದರು. ಸ್ಮಶಾನ ಅಂದೊಡನೆ ಬೇಡ ಅನ್ನಬೇಕಿತ್ತು. ಆಗಲಿ ಅಂದೆ. ಯಾಕೆ ಅಂತ ಇವತ್ತಿಗೂ ಗೊತ್ತಿಲ್ಲ.

ಅರವಿಂದ ಗಣಿಯಲ್ಲಿದ್ದ. ಅಮ್ಮನನ್ನು ಒಬ್ಬಳೇ ಬಿಡುವ ಹಾಗಿರಲಿಲ್ಲ. ಶನಿವಾರ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಅವಳನ್ನೂ ಕರೆದುಕೊಂಡು ಹೊರಟೆ.

"ಅವರ ಕ್ಲಾನಿಗೆ ಫಲಕ ಅಂದ್ಯಲ್ಲ, ಕ್ಲಾನ್ ಅಂದ್ರೇನೇ?" ಅಂತ ದಾರಿಯಲ್ಲಿ ಕೇಳಿದಳು.

"ಸ್ಕಾಟ್ಲೆಂಡಿನವರ ಮನೆತನ ಅಮ್ಮ. ಒಬ್ಬ ಮೂಲ ಪುರುಷ, ಅವನಿಂದ ಬಂದೋರೆಲ್ಲ ಒಂದು ಹೆಸರು."

"ಓ, ನಮ್ಮ ಬೆಡಗು ಇದ್ದಂಗೆ. ಹಂಗಾದ್ರೆ ಅವರವರಲ್ಲೇ ಹೆಣ್ಣು ತರಲ್ವಾ?"

"ಅದೆಲ್ಲ ಕೇಳ್ಬೇಡ ಅವರನ್ನ."

ಫರ್ಗಸ್ ಗೇಟಿನ ಹತ್ತಿರ ಟೋಪಿ ತೆಗೆದು ನಿಂತಿದ್ದರು. ಒಳ್ಳೆಯ ಮನುಷ್ಯ. ಅಮ್ಮನಿಗೆ ಮಡಚುವ ಕುರ್ಚಿ ಹಾಕಿಕೊಟ್ಟು, ಫ್ಲಾಸ್ಕಿನಿಂದ ಟೀ ಬಗ್ಗಿಸಿಕೊಟ್ಟರು. ಆಮೇಲೆ ಕಾರಿನ ಬಾನೆಟ್ ಮೇಲೆ ಉದ್ದದ ಕಾಗದ ಹರಡಿದರು. ಇಪ್ಪತ್ತು ವರ್ಷದ ಕೆಲಸ. ಬುಡದಲ್ಲಿ ಕ್ಯಾಪ್ಟನ್ ಡಂಕನ್ ಮ್ಯಾಕ್‌ಡಾರಿ. ಮದರಾಸಿನ ಸೈನ್ಯದಲ್ಲಿ, ಬಳ್ಳಾರಿಯಲ್ಲಿ ಕೆಲಸ ಮಾಡಿ ನಿವೃತ್ತನಾಗಿ, ಹಡಗು ಹತ್ತಿ ಇಲ್ಲಿಗೆ ಬಂದು ಜಮೀನು ಮಾಡಿದವನು. ಪಕ್ಕದಲ್ಲಿ ಅವನ ಹೆಂಡತಿ: ಗೌರಿಯ ಮಾರ್ಗರೆಟ್.

"ಗೌರಿ ಅಂದರೆ ಊರು. ಸ್ಕಾಟ್ಲೆಂಡಿನ ಪರ್ತ್ ಪಕ್ಕದ ಸೀಮೆ. ಒಳ್ಳೇ ಮನೆತನದವಳು" ಅಂದರು ಫರ್ಗಸ್. ಮಾರ್ಗರೆಟ್ ಅನ್ನುವ ಹೆಸರು ಮಾತ್ರ ಊಹೆಯಂತೆ. ಅವಳ ಹೆಸರಿಗಾಗಿ ಎರಡು ಸಲ ಸ್ಕಾಟ್ಲೆಂಡಿಗೆ ಹೋಗಿ ಚರ್ಚಿನ ದಫ್ತರಗಳನ್ನೆಲ್ಲ ಜಾಲಾಡಿದ್ದರು. ಎಲ್ಲೂ ಸಿಕ್ಕಿರಲಿಲ್ಲ. ಅಡಿಲೇಡ್‌ನಲ್ಲಿರುವ ಕುಲದ ಸಂಘದವರು ಇವರ ಶಾಖೆಯನ್ನು ತಮ್ಮ ಪುಸ್ತಕಕ್ಕೆ ಸೇರಿಸಿಕೊಳ್ಳಲು ಆ ಹೆಂಗಸಿನ ಮೂಲವೊಂದೇ ಬಾಕಿ.

"ಇಲ್ಲಿದ್ದಾಳೆ ನೋಡು" ಅಂತ ಮೂಲೆಗೆ ಕರೆದೊಯ್ದರು. ಸಾಲಿನಿಂದ ಸ್ವಲ್ಪ ಹೊರಗೆ ಒಂದು ಗಿಡ್ಡ ಕಲ್ಲು. ಮೇಲಿನ ಅರ್ಧ ಒಡೆದು ಹೋಗಿತ್ತು. ಉಳಿದದ್ದರಲ್ಲಿ ಇಂಗ್ಲಿಷಿನಲ್ಲಿ ಮೂರು ಸಾಲು. ಗೌರಿ. ಇಲ್ಲಿ ಕುಳಿತಿದ್ದಾಳೆ. ೧೮೫೩.

"ಮಲಗಿದ್ದಾಳೆ ಅಂತ ಕೆತ್ತಬೇಕಿತ್ತು. ಕಲ್ಲುಕುಟಿಗ ಕುಡಿದಿದ್ದ" ಅಂತ ನಕ್ಕರು ಫರ್ಗಸ್. "ಅಜ್ಜಿ ಇನ್ನೂ ಟೀಗೆ ಕಾಯುತ್ತಾ ಕೂತಿದ್ದಾಳೆ ಅಂತ ನಮ್ಮ ಮನೆಯಲ್ಲಿ ಎಲ್ಲರ ತಮಾಷೆ."

ನನಗೆ ನಗು ಬರಲಿಲ್ಲ. ಬಿಸಿಲು ಚುರುಗುಟ್ಟುತ್ತಿತ್ತು, ಆದರೂ ಮೈ ಜುಂ ಅಂತು. ಮರದ ಮೇಲಿನ ಕಾಗೆ ಮಗು ಅತ್ತಂತೆ ರಾಗ ಎಳೆಯಿತು. ಇಲ್ಲಿಯ ಕಾಗೆಗಳು ಕೂಗುವುದೇ ಹಾಗೆ. ಬಂದು ಹತ್ತು ವರ್ಷವಾದರೂ ನನಗೆ ಅಭ್ಯಾಸವಾಗಿಲ್ಲ.

ಅಮ್ಮ ಕೋಲೂರಿಕೊಂಡು ಹಿಂದೆಯೇ ಬಂದಿದ್ದಳು. "ಅವಾಗಿಂದ ಗೌರಿ ಗೌರಿ ಅಂತಿದಾರಲ್ಲ, ಯಾರೇ ಅದು?"

"ಊರಿನ ಹೆಸರಮ್ಮ."

"ಕಲ್ಲಲ್ಲಿ ಏನು ಬರ್ದಿದೆ?"

ಹೇಳಬಾರದಿತ್ತು. ಹೇಳಿದೆ.

ಅಮ್ಮ ನನ್ನನ್ನು ದಡ್ಡಿಯನ್ನು ನೋಡುವ ಹಾಗೆ ನೋಡಿದಳು. "ಊರು ಎಲ್ಲಾದ್ರೂ ಕೂತ್ಕೊಳತ್ತೇನೇ? ನಮ್ಮೋಳು ಕಣೇ ಇವಳು. ಬಳ್ಳಾರಿ ಅಂತಾನೂ ಅಂದ್ರಲ್ಲ ಆಗ್ಲೇ, ಆ ಕಡೆಯೋಳು."

"ಸುಮ್ನಿರಮ್ಮ. ಕಂಡಿದ್ದೆಲ್ಲ ನಮ್ಮದೇ ಅನ್ಬೇಡ."

ರೇಗಿಯೇ ಹೇಳಿದೆ. ಅವಳ ಮಾತು ನಿಜವಾಗಬಾರದು ಅಂತ ನನಗೆ ಎಷ್ಟು ಆಸೆಯಿತ್ತೋ ನನಗೇ ಗೊತ್ತು.

ನನ್ನ ಯಂತ್ರ ನೋಡಲು ಹುಲ್ಲು ಕತ್ತರಿಸುವ ಗಾಡಿಯ ಹಾಗಿದೆ. ತಳ್ಳಿಕೊಂಡು ಹೋದರೆ ಪರದೆಯ ಮೇಲೆ ಮಣ್ಣಿನ ಪದರಗಳು ಮೂಡುತ್ತವೆ. ಮೂಳೆ ಗೀಳೆ ಕಾಣುವುದಿಲ್ಲ. ಒಮ್ಮೆ ಅಗೆದು ಮುಚ್ಚಿದ ಮಣ್ಣು ಎಷ್ಟು ವರ್ಷವಾದರೂ ಮೊದಲಿನ ಹಾಗೆ ಕೂಡಿಕೊಳ್ಳುವುದಿಲ್ಲ, ಆ ಕದಡಿದ ಗುರುತು ಕಾಣುತ್ತದೆ. ಸಾಲಾಗಿ ತಳ್ಳುತ್ತಾ ಹೋದೆ. ಒಂದು, ಎರಡು, ಐದು, ಒಂಬತ್ತು, ಹನ್ನೆರಡು. ಎಲ್ಲವೂ ಉದ್ದುದ್ದ, ಎಲ್ಲರೂ ಮಲಗಿದವರು. ಹಿಂದಿನಿಂದ ಯಾರೋ ಕಷ್ಟಪಟ್ಟು ಉಸಿರೆಳೆಯುತ್ತಾ ಬರುತ್ತಿದ್ದರು. ನಾನು ನಿಂತರೆ ಅದೂ ನಿಲ್ಲುತ್ತಿತ್ತು. ಫರ್ಗಸ್ ಅಂದುಕೊಂಡೆ. ತಿರುಗಿ ನೋಡಿದರೆ ಅವರು ದೂರದಲ್ಲಿ ಬೇಲಿ ಹತ್ತಿರ ಅಮ್ಮನಿಗೆ ಬಿಸ್ಕತ್ತು ಕೊಡುತ್ತಿದ್ದರು.

ಕೊನೆಗೆ ಆ ಗಿಡ್ಡ ಕಲ್ಲಿನ ಹತ್ತಿರ ಹೋದೆ. ಉದ್ದಕ್ಕೆ ಮೂರು ಸಲ, ಅಡ್ಡಕ್ಕೆ ಮೂರು ಸಲ ತಳ್ಳಿದೆ. ಗುಂಡಿ ಉದ್ದವಿರಲಿಲ್ಲ. ಚೌಕವಾಗಿತ್ತು. ಉಳಿದವುಗಳಿಗಿಂತ ಆಳವಾಗಿತ್ತು. ತಳದಲ್ಲಿ, ಒಂದು ಪಕ್ಕದ ಗೋಡೆಯೊಳಕ್ಕೆ, ಕಮಾನಿನ ಹಾಗೆ ಒಂದು ಪೊಳ್ಳು. ಒಬ್ಬ ಹೆಂಗಸು ಚಕ್ಕಳಮಕ್ಕಳ ಹಾಕಿ ಕೂರುವಷ್ಟು.

ಯಾವಾಗ ಬಂದಳೋ, ಅಮ್ಮ ನನ್ನ ಹೆಗಲ ಮೇಲಿಂದ ಪರದೆ ನೋಡುತ್ತಿದ್ದಳು. ಅವಳಿಗೆ ಅದನ್ನು ಓದಲು ಯಾರೂ ಕಲಿಸಿಲ್ಲ. ಆದರೂ ಬೆರಳಿಟ್ಟು ತೋರಿಸಿದಳು. "ಗೂಡು."

ಆಮೇಲೆ ಅಮ್ಮ ಸೆರಗಿನಿಂದ ಕಲ್ಲಿನ ಧೂಳು ಒರೆಸಿದಳು. ಕೈಚೀಲದಿಂದ ವಿಭೂತಿ ಗಟ್ಟಿ ತೆಗೆದು ಮೂರು ಪಟ್ಟೆ ಎಳೆದಳು. ಅವಳ ಕಣ್ಣಲ್ಲಿ ನೀರಿತ್ತು.

"ಆ ಗಂಡ ನೋಡೇ, ಬಿಳಿಯ, ಸೈನ್ಯದೋನು. ಇಲ್ಲಿ ಜಂಗಮರಿಲ್ಲ, ನಮ್ಮೋರು ಅನ್ನೋರು ಒಬ್ರಿಲ್ಲ. ಅವಳು ಹೇಳ್ಕೊಟ್ಟಿದ್ದನ್ನ ಜ್ಞಾಪಕ ಇಟ್ಕೊಂಡು ಈ ಕಾಡಲ್ಲಿ ಗೂಡು ಕೊರ್ದಿದಾನೆ." ಮೂಗು ಒರೆಸಿಕೊಂಡು ನನ್ನ ಬೆನ್ನು ಸವರಿದಳು. "ನೀನೂ ಕಷ್ಟಪಟ್ಟಿರ್ತೀಯ ಬಿಡು. ಯಾವತ್ತೂ ಹೇಳ್ಲಿಲ್ಲ ನೀನು, ಯಾರ ಯಾರ ಕಾಲಿಗೆ ಬಿದ್ದೆ ಅಂತ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಸ್ಮಶಾನದಲ್ಲಿ ನಿಂತು ಹಾಗೆ ಅಂದುಕೊಳ್ಳಬಾರದು, ಆದರೂ ಅನ್ನಿಸಿತು.

ಫರ್ಗಸ್‌ಗೆ ನಾನೇ ಹೇಳಿದೆ. ಗೌರಿ ನಮ್ಮ ಕಡೆಯ ಹೆಣ್ಣುಮಕ್ಕಳ ಹೆಸರು. ಬಳ್ಳಾರಿ ನಮ್ಮ ರಾಜ್ಯದ್ದು. ನಮ್ಮ ಜನ ಸತ್ತವರನ್ನು ಕೂರಿಸುತ್ತಾರೆ. ಕಲ್ಲುಕುಟಿಗ ಕುಡಿದಿರಲಿಲ್ಲ. ಪರದೆಯ ಮೇಲಿನ ಚೌಕ ತೋರಿಸಿದೆ, ಪಕ್ಕದ ಪೊಳ್ಳು ತೋರಿಸಿದೆ.

ಅವರು ತುಂಬ ಹೊತ್ತು ನೋಡಿದರು. ಬಾನೆಟ್ ಮೇಲಿನ ಕಾಗದ ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿತ್ತು.

"ನಮ್ಮ ತಾತ ತುಂಬ ಕಪ್ಪಗಿದ್ದರು" ಅಂದರು ಕೊನೆಗೆ. "ಬಿಸಿಲಿಗೆ ಹಾಗಾಗಿದ್ದು ಅನ್ನುತ್ತಿದ್ದರು." ಆಮೇಲೆ ನನ್ನ ಕಡೆ ನೋಡದೆ ಮತ್ತೆ ಅಂದರು, "ಚಿಕ್ಕ ಗುಂಡಿ ತಾನೇ? ಮಗುವಿನದು ಅಂತ ವರದಿಯಲ್ಲಿ ಬರಿ. ಪಕ್ಕದಲ್ಲಿ ಇನ್ನೊಂದು ಉದ್ದದ್ದು ಇದ್ದರೂ ಇರಬಹುದು ಅಂತ ಬರಿ. ಮಾರ್ಗರೆಟ್ ಅಲ್ಲಿ ಮಲಗಿದ್ದಾಳೆ ಅಂತ ನಾನು ಫಲಕ ಹಾಕುತ್ತೇನೆ. ಯಾರಿಗೆ ನಷ್ಟ? ಸತ್ತವರಿಗೆ ಏನು ವ್ಯತ್ಯಾಸವಾಗುತ್ತೆ?"

ಅದೇ ಮಾತು. ಶಶಾಂಕ ಹೇಳಿದ್ದು, ಮೂರು ವರ್ಷ ನಾನು ನನಗೇ ಹೇಳಿಕೊಂಡದ್ದು. ಸ್ಮಶಾನದ ಕಚೇರಿಯಲ್ಲಿ ಬರಬೇಕಾಗಿದ್ದ ಕೋಪ ಆಗ ಬಂತು. ಒಟ್ಟಿಗೇ ಬಂತು. ಕೋಪ ಬಂದರೆ ನನಗೆ ಇಂಗ್ಲಿಷ್ ಕೈಕೊಡುತ್ತದೆ. ಮೊದಲು ನೋ ಅಂದೆ, ಆಮೇಲೆ ಆ ಮುದುಕರ ಮುಖಕ್ಕೆ ಕನ್ನಡದಲ್ಲೇ ಕಿರುಚಿದೆ.

"ಮಲಗಿಸಲ್ಲ! ಇನ್ನೊಬ್ಬರನ್ನ ನಾನು ಮಲಗಿಸಲ್ಲ!"

ಕಾಗೆಗಳು ಎದ್ದು ಹಾರಿದವು. ಫರ್ಗಸ್ ಎರಡು ಹೆಜ್ಜೆ ಹಿಂದೆ ಸರಿದರು. ಅವರಿಗೆ ಒಂದಕ್ಷರ ಅರ್ಥವಾಗಲಿಲ್ಲ. ಅರ್ಥವಾದವಳು ಕಲ್ಲಿನ ಪಕ್ಕ ನೆಲದ ಮೇಲೆ ಕೂತಿದ್ದಳು.

"ಇನ್ನೊಬ್ಬರನ್ನ ಅಂದ್ಯಲ್ಲ" ಅಂದಳು ಅಮ್ಮ. "ಮೊದಲು ಯಾರನ್ನ ಮಲಗಿಸ್ದೆ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಯಾರೂ ಕಳ್ಳ ಅಂದಿರಲೂ ಇಲ್ಲ, ನಾನೇ ಮುಟ್ಟಿಕೊಂಡಿದ್ದೆ. ಏನಾದರೂ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಮಾತಿನ ಭರಕ್ಕೆ ಬಂತು ಅನ್ನಬಹುದಿತ್ತು, ಅವಳು ನಂಬುತ್ತಿದ್ದಳು. ಅವಳು ನಂಬುತ್ತಾಳೆ ಅನ್ನುವುದೇ ನನಗೆ ತಡೆಯಲಾಗಲಿಲ್ಲ.

"ಅಪ್ಪನ್ನ" ಅಂದೆ.

ಅಮ್ಮ ಅಳಲಿಲ್ಲ, ಬೈಯಲಿಲ್ಲ. ಕಲ್ಲಿನ ಮೇಲೆ ಕೈಯಿಟ್ಟು, ಬೇರೆ ಯಾರೋ ಬಂದು ತನ್ನನ್ನು ಎಬ್ಬಿಸಲಿ ಅನ್ನುವಂತೆ ನನ್ನಿಂದ ಮುಖ ತಿರುಗಿಸಿದಳು. ಎಬ್ಬಿಸಿದವರು ಫರ್ಗಸ್. ಅವರ ತೋಳು ಹಿಡಿದು ಕಾರಿನವರೆಗೂ ನಡೆದಳು.

"ನಾನೇನಾದರೂ ತಪ್ಪು ಮಾಡಿದೆನೆ?" ಅಂತ ಕೇಳಿದರು ಅವರು, ಬಾಗಿಲು ಹಾಕಿದ ಮೇಲೆ.

ನಾನು ಹೇಳಿದೆ. ನನ್ನ ತಂದೆಯನ್ನು ಹೇಗೆ ಮಣ್ಣು ಮಾಡಿದೆ, ಅಮ್ಮನಿಗೆ ಏನು ಹೇಳಿದ್ದೆ, ಎಲ್ಲ ನಾಲ್ಕು ಮಾತಿನಲ್ಲಿ. ಅವರು ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಾ ಕೇಳಿಸಿಕೊಂಡರು. ಕಿಟಕಿಯ ಗಾಜಿನ ಹಿಂದೆ ನೆಟ್ಟಗೆ ಕೂತಿದ್ದ ಅಮ್ಮನನ್ನು ನೋಡಿದರು.

"ಕಂಡದ್ದನ್ನು ಕಂಡ ಹಾಗೆ ಬರಿ" ಅಂದರು. "ಅಡಿಲೇಡ್‌ನವರಿಗೆ ನಾನು ಹೇಳಿಕೊಳ್ಳುತ್ತೇನೆ."

ಹಾಗೇ ಬರೆದೆ. ಸಾಲಿನಲ್ಲಿ ಹನ್ನೆರಡು ಮಂದಿ ಮಲಗಿದ್ದಾರೆ, ಸಾಲಿನಾಚೆ ಒಬ್ಬಳು ಕುಳಿತಿದ್ದಾಳೆ ಅಂತ ಬರೆದೆ. ಅದು ಆಮೇಲಿನ ಮಾತು.

ಆವತ್ತು ಎರಡೂವರೆ ಗಂಟೆಯ ದಾರಿ ಅಮ್ಮ ತುಟಿ ಬಿಚ್ಚಲಿಲ್ಲ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೆ ಅಂತ ಅವಳೇ ನನಗೆ ಸಾವಿರ ಸಲ ಹೇಳಿದ್ದಳು. ದಾರಿಯ ಬಂಕಿನಲ್ಲಿ ಪೆಟ್ರೋಲ್ ಹಾಕಿಸಲು ನಿಲ್ಲಿಸಿ, ಕಾಫಿ ಬೇಕಾ ಅಂತ ಕೇಳಿದೆ. ಕೇಳಿಸದವಳ ಹಾಗೆ ಕೂತಿದ್ದಳು. ಕಟ್ಟಿಕೊಂಡು ಹೋಗಿದ್ದ ಚಪಾತಿ ಪಲ್ಯ ಹಿಂದಿನ ಸೀಟಿನಲ್ಲಿ ಹಾಗೇ ಹಳಸುತ್ತಿತ್ತು. ಗುಡ್ಡ ಇಳಿದು ಪರ್ತ್ ಕಾಣಿಸಿತು. ಕೋಪ ಮಾಡಿಕೋ ಅಮ್ಮ, ಕಪಾಳಕ್ಕೆ ಬಾರಿಸು ಅನ್ನಬೇಕು ಅನ್ನಿಸಿತು, ಬಾಯಿ ಬರಲಿಲ್ಲ. ಕಾರಿನೊಳಗೆ ನಮ್ಮಿಬ್ಬರ ಉಸಿರು ಬಿಟ್ಟರೆ ಬೇರೆ ಯಾರದೂ ಕೇಳಿಸಲಿಲ್ಲ. ಮೂರು ವರ್ಷದಲ್ಲಿ ಮೊದಲ ಸಲ ಅಪ್ಪ ಇರಲಿಲ್ಲ. ಅದರಿಂದ ಇನ್ನೂ ಭಯವಾಯಿತು.

ಮೋರ್ಲಿಯ ಶಾಪಿಂಗ್ ಸೆಂಟರ್ ಎದುರಿನ ಸಿಗ್ನಲ್‌ನಲ್ಲಿ ಕೆಂಪು ಬಿತ್ತು. ಜನ ಚೀಲ ಹಿಡಿದು ರಸ್ತೆ ದಾಟುತ್ತಿದ್ದರು. ಅವರನ್ನೇ ನೋಡುತ್ತಾ ಅಮ್ಮ ಕೇಳಿದಳು.

"ದಿಂಬಾದ್ರೂ ಇಟ್ಟಿದ್ರಾ?"

"ಇತ್ತಮ್ಮ. ಪೆಟ್ಟಿಗೆಯಲ್ಲೇ ಒಂದು ಇತ್ತು."

ಸಿಗ್ನಲ್ ಹಸಿರಾಯಿತು. ಹಿಂದಿನವನು ಹಾರ್ನ್ ಹೊಡೆದ.

"ಒಂದು ಎಲ್ಲಿ ಸಾಕಾಗತ್ತೆ ಅವರಿಗೆ" ಅಂದಳು ಅಮ್ಮ. "ನನ್ನನ್ನ ಕೇಳಿದ್ರೆ ಮೂರು ಬೇಕು ಅಂತ ಹೇಳ್ತಿದ್ನಲ್ಲೇ."